ನಿಧಾನಕ್ಕೆ ತಿರುಗುವ ಸರ್ವೋ

ರೀ,

ರೊಟ್ಟಿ ಬುಟ್ಟಿಯಲ್ಲಿವೆ, ಝುಣಕ ಒಲೆಯ ಮೇಲಿದೆ. ಊಟವಾದ ಮೇಲಿನ ಗುಳಿಗೆ ತಪ್ಪಿಸಬೇಡಿ.

ನಿಮ್ಮ ರೇಸಿನ ರಿಮೋಟ್ ದೋಣಿಗೆ ಬೇರೆ ಸರ್ವೋ, ಅದೇ ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟಾರು, ಹಾಕಿದ್ದೇನೆ. ಮೊದಲಿನದರಷ್ಟು ಚುರುಕಲ್ಲ, ಚುಕ್ಕಾಣಿಯನ್ನು ನಿಧಾನಕ್ಕೆ ತಿರುಗಿಸುತ್ತದೆ. ಬೇಕೆಂದೇ ಇದನ್ನು ಆರಿಸಿದೆ. ರಿಮೋಟ್ ಹಿಡಿದ ಕೈ ನಡುಗಿದರೆ ಚುರುಕಿನ ಸರ್ವೋ ಆ ನಡುಕವನ್ನೂ ಚುಕ್ಕಾಣಿಗೆ ಮುಟ್ಟಿಸುತ್ತದೆ. ಇದು ಅಷ್ಟು ಸಣ್ಣದನ್ನು ಲೆಕ್ಕಕ್ಕಿಡುವುದಿಲ್ಲ.

ಮೊನ್ನೆ ಸವಣೂರಿನ ಕೆರೆಯಲ್ಲಿ ದೋಣಿ ಹಾವಿನಂತೆ ಹರಿದಾಗ ನೀವು, "ಸರ್ವೋ ಕೆಟ್ಟೈತಿ ನೋಡ್ರಪಾ" ಅಂದಿರಿ. ನಿಮ್ಮಣ್ಣನ ಮಗ ಬಸವೇಶ, "ಹೌದ್ರಿ ಕಾಕಾ, ಎಲ್ಲಾ ಅದರದ ತಪ್ಪು" ಎಂದು ಬೇರೆ ಕಡೆ ನೋಡಿದ. ನಾನೂ ಹೂಂಗುಟ್ಟಿದೆ.

ಇದನ್ನು ಹಾಕಿಕೊಂಡು ರೇಸು ಗೆಲ್ಲಲಾಗದು. ದೋಣಿ ನೆಟ್ಟಗೆ ದಡಕ್ಕೆ ಬರುತ್ತದೆ, ಅಷ್ಟೇ. ನನಗೆ ಅಷ್ಟು ಸಾಕು. ನಿಮಗೆ ಸಾಲದು ಎಂಬುದೂ ಗೊತ್ತು.

ನೀವು ದೋಣಿಯ ಮುಚ್ಚಳ ತೆಗೆಯುವಾಗ ನಾನು ಎದುರಿಗಿರಬಾರದೆಂದೇ ಹತ್ತಿಮತ್ತೂರಿಗೆ, ಅವ್ವನ ಹತ್ತಿರ ಹೊರಟಿದ್ದೇನೆ. ಸಿಟ್ಟು ಬಂದರೆ ಸಂಜೆಯೊಳಗೆ ಮುಗಿಸಿಕೊಳ್ಳಿ, ಕೊನೆಯ ಬಸ್ಸಿಗೆ ಬರುತ್ತೇನೆ.

ಹಳೆಯ ಸರ್ವೋವನ್ನು ಅರಿವೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಎಸೆಯಬೇಡಿ. ಅದು ಕೆಟ್ಟಿಲ್ಲ.

ಶೀಲಾ