ಬೀಗರಿಗೆ ಬಡಿಸುವವರು

ದಾಂಡೇಲಿ
೧೭-೨-೨೦೦೪

ಸಾಯಿಮಾ ಮೇಡಂ ಅವರಿಗೆ ಕುಬೇರನ ನಮಸ್ಕಾರ.

ಊಟ ಬಿಟ್ಟ ಹುಡುಗಿಯರನ್ನು ಸೇರಿಸಿ ನೀವು ಕಟ್ಟಿದ ನಾಟಕವನ್ನು ಭಾನುವಾರ ಹಳಿಯಾಳದಲ್ಲಿ ನೋಡಿದೆ. ನನ್ನ ಮಗಳು ತುಳಜಾ ಬೀಗನ ವೇಷದಲ್ಲಿ ಮೀಸೆ ತಿರುವಿ, "ಒಂದ ಹೋಳಿಗಿ ನೀಡಿ ಓಡ್ತೀರೇನ್ರಿ? ಬೀಗರನ್ನ ಉಪಾಸ ಕೆಡವಾಕ ಕರಸೀರೇನು?" ಎಂದು ಗದರಿಸಿದಳು. ನೀವು ಬಡಿಸಿದಿರಿ. ಅವಳು ನಿಜವಾಗಿಯೇ ತಿಂದಳು. ಜನರೆಲ್ಲ ನಕ್ಕರು, ನನಗೆ ಮಾತ್ರ ಹೊಟ್ಟೆ ಉರಿಯಿತು. ಇಂಗ್ಲಿಷಿನಲ್ಲಿ ಜೆಲಸಿ ಅನ್ನುತ್ತಾರಲ್ಲ, ಅದೇ. ಪಿಯುಸಿಯಲ್ಲಿ ಅದರ ಮೇಲೆ ಎಸ್ಸೇ ಬರೆದಿದ್ದೆ, ಅದು ಇರಲಿ.

ಅವಳ ತಾಯಿ ಹೋದ ಮೇಲೆ ಮನೆಯಲ್ಲಿ ಅಡುಗೆ ನನ್ನದೇ. ತಟ್ಟೆ ಇಟ್ಟರೆ, "ದಪ್ಪ ಆಗ್ತೇನಿ, ಬ್ಯಾಡಪ್ಪಾ" ಎಂದು ಸರಿಸುತ್ತಾಳೆ. ನಿಮ್ಮ ಹೋಳಿಗೆಯಲ್ಲಿ ಅಂಥದ್ದೇನಿತ್ತು? ಆಟ ಮುಗಿದ ಮೇಲೆ ನಾನೂ ಒಂದು ತಿಂದು ನೋಡಿದೆ. ಎಕ್ಸ್‌ಕ್ಯೂಸ್ ಮಿ, ಬೆಲ್ಲ ಕಡಿಮೆ.

ಒಂದು ರಿಕ್ವೆಸ್ಟ್. ಮುಂದೆ ಮುಂಡಗೋಡದಲ್ಲಿ ಆಗುವ ಆಟಕ್ಕೆ ಹೋಳಿಗೆ ನಾನೇ ಮಾಡಿ ತರುತ್ತೇನೆ. ಬಡಿಸುವ ನಿಮ್ಮ ಪಾರ್ಟನ್ನು ಅವತ್ತೊಂದು ದಿನ ನನಗೆ ಬಿಟ್ಟುಕೊಡಿ. ಡಯಲಾಗ್ ಬೇಡ. ಅವಳು ಗದರಿಸಿದರೆ ತಲೆ ತಗ್ಗಿಸಿ ಇನ್ನೊಂದು ಹಾಕುತ್ತೇನೆ.

ಯುವರ್ಸ್ ಒಬೀಡಿಯಂಟ್ಲಿ,
ತುಳಜಾಳ ಅಪ್ಪ ಕುಬೇರ