ನೆರಳಿನ ಕೋಲಿಗೆ ಚೆಂಡುಹೂವು

ಸುನಂದಾ,

ನೀನು ಹಾಲು ಹಾಕಲು ಹೋಗಿದ್ದೀಯ, ನನಗೆ ಫ್ಯಾಕ್ಟರಿ ಬಸ್ಸಿಗೆ ಹೊತ್ತಾಯಿತು.

ಅಂಗಳದಲ್ಲಿ ನೀನು ನೆಟ್ಟ ಕೋಲಿಗೆ ಅಜ್ಜಿ ಕುಂಕುಮ ಇಟ್ಟು, ತುದಿಗೆ ಚೆಂಡುಹೂವು ಸಿಕ್ಕಿಸಿದ್ದಾಳೆ. ಮಧ್ಯಾಹ್ನ ನೆರಳು ಅಳೆಯುವ ಮೊದಲು ಹೂವು ತೆಗೆ. ಇಲ್ಲದಿದ್ದರೆ ಜಪಾನಿನ ಶಾಲೆಗೆ ಹೂವಿನ ನೆರಳೂ ಸೇರಿದ ಅಳತೆ ಹೋಗುತ್ತದೆ.

ಕರುವನ್ನು ಹಿತ್ತಲಲ್ಲಿ ಕಟ್ಟು, ಕೋಲು ಬೀಳಿಸೀತು. ಕೋಲು ಕೆತ್ತಲು ನನ್ನ ಚಾಕುವೇ ಬೇಕಿತ್ತೇನೇ? ಮೊಂಡಾಗಿದೆ.

ಎರಡು ದೇಶದ ಹೈಸ್ಕೂಲು ಮಕ್ಕಳು ಒಂದೇ ದಿನ ನೆರಳು ಹಿಡಿದು ಭೂಮಿಯ ಸುತ್ತಳತೆ ಕಂಡುಹಿಡಿಯುವುದು! ನಮ್ಮ ಕಾಲದಲ್ಲಿ ಶಾಲೆಯ ಕೋಲಿಗೆ ಬೇರೆಯೇ ಕೆಲಸವಿತ್ತು.

ಅದು ದೇವರಲ್ಲ ಎಂದು ಅಜ್ಜಿಗೆ ಹೇಳಿದೆ. “ಅಷ್ಟು ದೂರದ ಮಕ್ಳೂ ಇವತ್ತು ಇದ್ನೇ ನೆಟ್ಟವ್ರೆ ಅಂತೀಯ, ದೇವ್ರಲ್ದೆ ಇನ್ನೇನ್ಲಾ?” ಅಂದಳು.

ಅಳೆದಾದ ಮೇಲೆ ಹೂವನ್ನು ಮತ್ತೆ ಸಿಕ್ಕಿಸು.

ಅಣ್ಣ