ಪುಸ್ತಕ ಮುಚ್ಚಿ ಹೇಳಿದ ಪಾಠ

ಮಾವಾರಿಗೆ,

ಸೊಸೆ ಸುಮಂಗಲಾಳ ನಮಸ್ಕಾರ. ಕಾಗದ ಬರೆಯುವಾಗ ಮೊದಲು ಕ್ಷೇಮ ವಿಚಾರಿಸಬೇಕು ಎನ್ನುತ್ತಿದ್ದಿರಿ. ಈಗ ನಿಮ್ಮ ಕ್ಷೇಮವನ್ನು ಹೇಗೆ ವಿಚಾರಿಸಲಿ? ಇಲ್ಲಿ ವಡೋದರಾದಲ್ಲಿ ನಾವು ಚೆನ್ನಾಗಿದ್ದೇವೆ. ಇಷ್ಟನ್ನು ಸುಳ್ಳಲ್ಲದೆ ಬರೆಯುವುದಕ್ಕೆ ಇಷ್ಟು ತಿಂಗಳು ಬೇಕಾಯಿತು. ನಿಮ್ಮ ಮೊಮ್ಮಗಳು ಇಂಚರಾಳ ಹತ್ತನೆಯ ತರಗತಿಯ ರಿಸಲ್ಟ್ ಬಂದಿದೆ. ಅದನ್ನು ಮೊದಲೇ ಹೇಳಿದರೆ, ಎಷ್ಟು ಬಂತು ಅನ್ನೋದು ಆಮೇಲೆ, ಹೇಗೆ ಓದಿದಳು ಅದನ್ನು ಹೇಳು ಎಂದು ಗದರುತ್ತೀರಿ. ಆದ್ದರಿಂದ ಮೊದಲಿನಿಂದಲೇ ಬರೆಯುತ್ತೇನೆ.

ಶಾಲೆ ಶುರುವಾದ ಆ ಜೂನ್ ತಿಂಗಳು ನೆನಪಿದೆಯೇ? ಇಂಚರಾ ಹಳದಿ, ಗುಲಾಬಿ, ಹಸಿರು ಬಣ್ಣದ ಪೆನ್ನುಗಳನ್ನು ತಂದುಕೊಂಡು ಸಮಾಜವಿಜ್ಞಾನದ ಪುಸ್ತಕಕ್ಕೆ ಹೋಳಿ ಆಡಿಸಿದ್ದಳು. ಒಂದು ಸಾಲೂ ಬಿಟ್ಟಿರಲಿಲ್ಲ. ನೀವು ಬಾಲ್ಕನಿಯ ಜೋಕಾಲಿಯ ಮೇಲೆ ಕೂತು ಪುಟ ತಿರುವಿದಿರಿ. ಎಲ್ಲದಕ್ಕೂ ಬಣ್ಣ ಬಳಿದ ಮೇಲೆ ಮುಖ್ಯವಾದದ್ದು ಯಾವುದೆಂದು ತಿಳಿಯುವುದು ಹೇಗೆ ಎಂದು ಕೇಳಿದಿರಿ. ಅವಳು ಮುಖ ಊದಿಸಿದಳು. ಆಗ ನೀವು, “ಪುಸ್ತಕ ಮುಚ್ಚವಾ. ಈಗ ನನಗ ಹೇಳು” ಅಂದಿರಿ. ಆಗಷ್ಟೇ ಓದಿ ಮುಗಿಸಿದ ಹುಡುಗಿಯ ಬಾಯಿಂದ ಮೂರು ಮಾತು ಹೊರಡಲಿಲ್ಲ. ಅಡುಗೆಮನೆಯಲ್ಲಿದ್ದ ನನಗೆ ನಿಮ್ಮ ಮೇಲೆಯೇ ಸಿಟ್ಟು ಬಂತು. ಬೋರ್ಡ್ ಪರೀಕ್ಷೆಯ ವರ್ಷ, ಮಗು ಓದಿಕೊಳ್ಳುವುದು ಬಿಟ್ಟು ಮುದುಕರಿಗೆ ಕಥೆ ಹೇಳುತ್ತ ಕೂರಬೇಕೇ ಎಂದು ಪಾತ್ರೆಗಳನ್ನು ಜೋರಾಗಿಯೇ ಇಟ್ಟೆ. ನಿಮಗೆ ಕೇಳಿಸಿತ್ತು, ಅಲ್ಲವೇ?

ಆ ದಿನ ಊಟಕ್ಕೆ ಕೂತಾಗ ನಿಮ್ಮ ಹಳೆಯ ಕಥೆ ಹೇಳಿದಿರಿ. ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದಾಗ ಇಲಾಖೆ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು. ನಿಯಮಗಳ ಪುಸ್ತಕವನ್ನು ಎಷ್ಟು ಸಲ ಓದಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆದದ್ದು. ಕೊನೆಗೆ ಅತ್ತೆಯವರು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು ಒಂದೊಂದೇ ನಿಯಮವನ್ನು ಅವರಿಗೆ ಹೇಳಿದ್ದು. ಅವರು “ಹಂಗಂದ್ರೇನ್ರಿ?” ಎಂದು ಕೇಳಿದಾಗಲೆಲ್ಲ ನಿಮಗೇ ಅದು ಗೊತ್ತಿಲ್ಲ ಎಂದು ತಿಳಿದು, ಎದ್ದು ಹೋಗಿ ಪುಸ್ತಕ ನೋಡಿ ಬಂದದ್ದು. ಓದುವಾಗ ಎಲ್ಲಾ ಗೊತ್ತಿರುವ ಹಾಗೆ ಅನಿಸುತ್ತದೆ, ಹೇಳುವಾಗಲೇ ತೂತು ಕಾಣುವುದು ಅಂದಿರಿ. ನಾನು ಅರ್ಧ ಕಿವಿ ಕೊಟ್ಟು ಉಪ್ಪಿನಕಾಯಿ ಬಡಿಸಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಮಾಡಿರಬೇಕು.

ಆಮೇಲೆ ನೀವಿಬ್ಬರೂ ಕೂತು ವರ್ಷದ ವೇಳಾಪಟ್ಟಿ ಹಾಕಿದಿರಿ. ಅದರಲ್ಲಿ ನವರಾತ್ರಿಯ ಸಂಜೆಗಳು ಖಾಲಿ, ಉತ್ತರಾಯಣದ ಎರಡು ದಿನ ಖಾಲಿ. ಅಲ್ಲ ಮಾವಾರ, ಫೆಬ್ರವರಿ ಕೊನೆಗೆ ಪರೀಕ್ಷೆ ಇಟ್ಟುಕೊಂಡು ಜನವರಿಯಲ್ಲಿ ಗಾಳಿಪಟವೇ ಎಂದು ನಾನು ಕೇಳಿದೆ. ಅದಕ್ಕೆ ನೀವು, ಇಡೀ ಊರು ಮಾಳಿಗೆ ಹತ್ತಿ ಕೂಗುವಾಗ ಈ ಕೂಸು ಓದುತ್ತದೆ ಅಂತ ಬರೆದರೆ ಅದು ವೇಳಾಪಟ್ಟಿಯಲ್ಲ, ಸುಳ್ಳು. ಮೊದಲ ಸುಳ್ಳು ಸಿಕ್ಕ ದಿನವೇ ಹುಡುಗರು ಇಡೀ ಹಾಳೆಯನ್ನು ನಂಬುವುದು ಬಿಡುತ್ತಾರೆ ಅಂದಿರಿ. ಸೋಮವಾರ ಹೇಳಿದ ಪಾಠವನ್ನು ಭಾನುವಾರ ನೋಡದೆ ಮತ್ತೆ ಹೇಳಿಸಿದಿರಿ, ತಿಂಗಳು ಬಿಟ್ಟು ಇನ್ನೊಮ್ಮೆ. ರಜೆಯ ಬೆಳಿಗ್ಗೆ, ಪರೀಕ್ಷೆ ನಡೆಯುವ ಹೊತ್ತಿಗೇ ಊಟದ ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟು ಕೂರಿಸಿದಿರಿ. ನೀರು ಕುಡಿಯಬಹುದು, ಏಳುವ ಹಾಗಿಲ್ಲ. ಅವತ್ತು ಪಕ್ಕದ ಮನೆಯ ಹಂಸಾಬೆನ್ ಢೋಕ್ಲಾ ತಂದರೆ ಬಾಗಿಲಲ್ಲೇ ತಡೆದು ಬಾಯಿಗೆ ಬೆರಳಿಟ್ಟಿರಿ. ಪಾಪ, ಆಕೆ ಯಾರಿಗೋ ಹುಷಾರಿಲ್ಲ ಎಂದುಕೊಂಡಿದ್ದರು.

ಒಂದು ಮಾತು ಕೇಳಲೇ? ನಿಮಗೆ ನಿಜವಾಗಿಯೂ ಆ ವಿಜ್ಞಾನ ಗೊತ್ತಿರಲಿಲ್ಲವೇ? ಅಹಮದಾಬಾದಿನಲ್ಲಿ ಹುಟ್ಟಿ, ಇಲ್ಲಿ ಬೆಳೆದು, ಇಂಗ್ಲಿಷಿನಲ್ಲಿ ಓದಿ ಗುಜರಾತಿಯಲ್ಲಿ ಜಗಳ ಆಡುವ ಹುಡುಗಿ ನಿಮಗಾಗಿ ತನ್ನ ಮುರುಕು ಕನ್ನಡ ಜೋಡಿಸುತ್ತಿದ್ದಳು. ಇಂಗ್ಲಿಷ್ ಶಬ್ದ ಬಂದ ಕೂಡಲೇ ನೀವು ಜೋಕಾಲಿ ನಿಲ್ಲಿಸಿ, ಅದು ನನಗೆ ತಿಳಿಯಲಿಲ್ಲ ಎನ್ನುತ್ತಿದ್ದಿರಿ. ಗಿಣಿಪಾಠ ಅಲ್ಲಿಗೆ ನಿಂತು, ಅವಳು ಯೋಚಿಸತೊಡಗುತ್ತಿದ್ದಳು. ಜನ್ಮವೆಲ್ಲ ಇಂಗ್ಲಿಷ್ ಫೈಲುಗಳನ್ನು ತಿರುವಿದವರು ನೀವು. ಅಷ್ಟೂ ತಿಳಿಯಲಿಲ್ಲ ಎಂದರೆ ನಾನು ಹೇಗೆ… ಇರಲಿ ಬಿಡಿ.

ದೀಪಾವಳಿ ರಜೆಯ ಆ ಸಂಜೆಯನ್ನು ಬರೆಯದೆ ಮುಂದೆ ಹೋಗಲಾರೆ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ನಿಮಗೆ ಕಟಿಂಗ್ ಮಾಡಿಸಿಕೊಂಡು ಬಂದ ನಿಮ್ಮ ಮಗ, ಕೆಲಸದ ಊರಾದ ಸೂರತ್ತಿನ ರೈಲು ತಪ್ಪುತ್ತದೆ ಎಂದು ನಿಮ್ಮನ್ನು ಅವಸರದಲ್ಲಿ ಮೂರು ಮಹಡಿ ಹತ್ತಿಸಿ, ಬಾಗಿಲಲ್ಲೇ ಬಿಟ್ಟು ಸ್ಟೇಷನ್ನಿಗೆ ಓಡಿದರು. ನೀವು ಏದುಸಿರು ಬಿಡುತ್ತಲೇ ಜೋಕಾಲಿಯ ಮೇಲೆ ಕೂತು, ಇವತ್ತಿನ ಪಾಠ ಯಾವುದು ಎಂದು ಕೇಳಿದಿರಿ. ಹೃದಯದ ಪಾಠ. ನಾಲ್ಕು ಕೋಣೆ, ನಡುವೆ ಬಾಗಿಲು, ರಕ್ತ ಮುಂದೆ ಹೋಗುತ್ತದೆ, ವಾಪಸ್ ಬರುವ ಹಾಗಿಲ್ಲ ಎಂದು ಅವಳು ಕೈ ಆಡಿಸಿ ಹೇಳಿದಳು.

“ಬಾಗಿಲಾ ಸಡಿಲ ಆತು ಅಂದ್ರ?” ಎಂದು ಕೇಳಿದಿರಿ.

ಅದು ಗೊತ್ತಿಲ್ಲ ಅಜ್ಜಾ, ಓದಿ ನಾಳೆ ಹೇಳ್ತೀನಿ ಅಂದಳು. ಮರುದಿನ ಬೆಳಿಗ್ಗೆ ನೀವು ಆಸ್ಪತ್ರೆಯಲ್ಲಿದ್ದಿರಿ. ಅದರ ಮರುದಿನ… ಸೂರತ್ತಿನಿಂದ ತಿರುಗಿ ಓಡಿಬಂದ ನಿಮ್ಮ ಮಗ ಕಾರಿಡಾರಿನಲ್ಲಿ ಗೋಡೆಗೆ ಒರಗಿ, ನಾನೇ ಅವಸರ ಮಾಡಿ ಹತ್ತಿಸಿದೆ ಎಂದು ಒಂದೇ ಸಲ ಅಂದರು. ಆಮೇಲೆ ಆ ಮಾತನ್ನು ಅವರು ಆಡಲಿಲ್ಲ, ನನಗೆ ಆಡಿಸಲೂ ಬರಲಿಲ್ಲ.

ನೀವು ಹೋದ ಮೇಲೆ ಇಂಚರಾ ಓದುವುದನ್ನು ಬಿಟ್ಟಳು ಎಂದುಕೊಳ್ಳಬೇಡಿ. ಮೊದಲಿಗಿಂತ ಹೆಚ್ಚು ಹೊತ್ತು ಪುಸ್ತಕದ ಮುಂದೆ ಕೂರುತ್ತಿದ್ದಳು. ಅದನ್ನು ನೋಡಿ ನಾನು ಮೋಸಹೋದೆ. ಸಾಲದ್ದಕ್ಕೆ ನಾನು ಕೆಲಸ ಮಾಡುವ ಬ್ಯಾಂಕಿನ ಹತ್ತಿರ, ಅಲಕಾಪುರಿಯಲ್ಲಿ ಒಂದು ಟ್ಯೂಷನ್ನಿಗೂ ಸೇರಿಸಿದೆ. ಯುದ್ಧಕಾಲೇ ಶಸ್ತ್ರಾಭ್ಯಾಸ. ಅಲ್ಲಿಂದ ಕಟ್ಟುಗಟ್ಟಲೆ ಪ್ರಿಂಟ್ ತಂದು ಅವಕ್ಕೂ ಬಣ್ಣ ಬಳಿದಳು. ಉತ್ತರಾಯಣಕ್ಕೆ ಸೂತಕದ ವರ್ಷವೆಂದು ನಾವು ಗಾಳಿಪಟ ತರಲಿಲ್ಲ. ಆದರೂ ನೀವು ಖಾಲಿ ಬಿಟ್ಟ ದಿನಗಳನ್ನು ನಾನು ತುಂಬಿಸಲಿಲ್ಲ ಮಾವಾರ. ಹಂಸಾಬೆನ್ ಜೊತೆ ಮಾಳಿಗೆಗೆ ಕಳಿಸಿದೆ. ಹೋಗಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಬಂದಳಂತೆ.

ಜನವರಿ ಕೊನೆಗೆ, ಬೋರ್ಡಿಗೆ ಮೊದಲು ಶಾಲೆಯೇ ನಡೆಸುವ ಪ್ರಿಲಿಮ್ ಪರೀಕ್ಷೆಯ ಉತ್ತರಪತ್ರಿಕೆ ತೋರಿಸಲು ವಿಜ್ಞಾನದ ಟೀಚರ್ ನನ್ನನ್ನು ಕರೆಸಿದರು. ಇವಳು ಫೇಲಾಗಿದ್ದಳು. ಎಲ್ಲ ಉತ್ತರಗಳೂ ಎರಡು ಸಾಲು ನಡೆದು ನಿಂತುಬಿಟ್ಟಿದ್ದವು. ಹೃದಯದ ಪ್ರಶ್ನೆಯ ಸಂಖ್ಯೆ ಮಾತ್ರ ಬರೆದು ಕೆಳಗೆ ಅರ್ಧ ಪುಟ ಬಿಟ್ಟಿದ್ದಳು. ಬೋರ್ಡಿನಲ್ಲೂ ಹೀಗಾದರೆ ಪಾಸಾಗುವುದು ಕಷ್ಟ, ಬೇಕಾದರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಕೂರಲಿ ಎಂದು ಟೀಚರ್ ಮೆಲ್ಲಗೆ ಹೇಳಿದರು. ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಅವಳೇ ಅಂದಳು, “ಓದ್ತೀನಿ ಅಮ್ಮಾ. ಆದ್ರ ಯಾರಿಗೆ ಹೇಳ್ಲಿ?”

ನನಗೆ ಹೇಳು ಅಂದೆ. ನಿಮ್ಮ ಜೋಕಾಲಿಯ ಮೇಲೆ ಕೂರಲು ಮನಸ್ಸಾಗದೆ ಕುರ್ಚಿ ಎಳೆದುಕೊಂಡು ಕೂತೆ. ಆದರೆ ನಾನು ಬಿ.ಎಸ್ಸಿ. ಓದಿದವಳು, ಮೇಲಾಗಿ ಬಾಯಿ ತಡೆಯದವಳು. ಅವಳು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನಾನೇ ಮುಗಿಸುತ್ತಿದ್ದೆ. ತಪ್ಪಿದ ಕೂಡಲೇ ತಿದ್ದುತ್ತಿದ್ದೆ. ಮೂರನೆಯ ದಿನಕ್ಕೆ ಅವಳು, ಅಮ್ಮಾ ನಿನಗ ಎಲ್ಲಾ ಬರ್ತದ, ನಿನಗ ಹೇಳಿ ಏನು ಉಪಯೋಗ ಎಂದು ಎದ್ದು ಹೋದಳು. ಕೇಳಿಸಿಕೊಳ್ಳುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ನೀವಾದರೂ ಹೇಳಬಾರದಿತ್ತೇ?

ಆ ಶನಿವಾರ ನಿಮ್ಮ ಮಗನಿಗೆ ಫೋನು ಮಾಡಿ ಬಂದೇಬರಬೇಕು ಅಂದೆ. ನೀವು ಹೋದಾಗಿನಿಂದ ಅವರು ಶನಿವಾರ ಸೂರತ್ತಿನಿಂದ ಬರುವುದನ್ನೇ ಕಡಿಮೆ ಮಾಡಿದ್ದರು. ಇನ್ಶೂರೆನ್ಸ್ ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ ಎಂಬ ನೆಪ. ಬಂದವರನ್ನು ಬಾಲ್ಕನಿಯಲ್ಲಿ ಕೂರಿಸಿ, “ನಿಮಗೆ ವಿಜ್ಞಾನ ಎಳ್ಳಷ್ಟೂ ನೆನಪಿಲ್ಲ, ಅದೇ ಈಗ ಬೇಕಾಗಿರುವುದು, ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ” ಎಂದೆ. ಯಾವ ಪಾಠ ಎಂದು ಅವಳಿಗೆ ನಾನು ಹೇಳಲಿಲ್ಲ. ಅವಳು ಪುಸ್ತಕವನ್ನು ಒಳಗಿಟ್ಟು ಬಂದು, ಹೃದಯದ ಪಾಠ ಹೇಳ್ತೀನಿ ಪಪ್ಪಾ ಅಂದಳು.

ಒಳಗೆ ನಾನು ಸೊಪ್ಪು ಸೋಸುತ್ತಿದ್ದೆ. ಶ್ವಾಸಕೋಶದಿಂದ ಬಂದ ರಕ್ತ ಎಡಗಡೆ ಮೇಲಿನ ಕೋಣೆಗೆ ಬರುತ್ತದೆ, ಕೆಳಗಿನ ಕೋಣೆಗೆ ಇಳಿಯುತ್ತದೆ, ಅದು ಹಿಂಡಿದರೆ ಮೈಗೆಲ್ಲ ಹೋಗುತ್ತದೆ ಎಂದಳು. ಅವರು ತಿಳಿಯಲಿಲ್ಲ ಅಂದರು. ನಟನೆಯಲ್ಲ, ನಿಜವಾಗಿ ತಿಳಿದಿರಲಿಲ್ಲ. ಮತ್ತೆ ಹೇಳಿದಳು. ಹೃದಯದ ಬಾಗಿಲಿನ ಮಾತು ಬಂದಾಗಲೂ ನಿಲ್ಲಿಸಲಿಲ್ಲ. ಬಾಗಿಲು ಸಡಿಲವಾದರೆ ಹಿಂಡಿದ ರಕ್ತದಲ್ಲಿ ಸ್ವಲ್ಪ ತಿರುಗಿ ಮೇಲಕ್ಕೆ ಹೋಗುತ್ತದೆ, ಹೃದಯ ಅದನ್ನೇ ಮತ್ತೆ ಹಿಂಡಬೇಕು, ದುಡಿದು ದುಡಿದು ದೊಡ್ಡದಾಗುತ್ತದೆ, ದಣಿಯುತ್ತದೆ, ಆಮೇಲೆ ಉಸಿರು ಸಾಲುವುದಿಲ್ಲ ಎಂದಳು.

“ಎಷ್ಟು ದಿನದಾಗ ಹಿಂಗ ಆಗ್ತದ?” ಎಂದು ನಿಮ್ಮ ಮಗ ಕೇಳಿದರು.

“ದಿನದಾಗ ಅಲ್ಲ ಪಪ್ಪಾ. ವರ್ಷ ಬೇಕು. ಅಜ್ಜನ ಬಾಗಿಲಾ ಸಡಿಲ ಆಗಿದ್ದು ಭಾಳ ಹಳೇದು, ಆಸ್ಪತ್ರೆ ರಿಪೋರ್ಟಿನ್ಯಾಗ ಹಾರ್ಟ್ ದೊಡ್ಡದಾಗೇದ ಅಂತ ಐತಿ. ಒಂದ ಸಂಜಿಗೆ ದೊಡ್ಡದಾಗಂಗಿಲ್ಲ.”

“ಹಂಗಾದ್ರ ಮೆಟ್ಟಲಾ…” ಅಂದರು.

“ನಿಮ್ಮ ತಪ್ಪಿಲ್ಲ” ಎಂದು ನಾನು ಅವರಿಗೆ ಎಷ್ಟು ಸಲ ಹೇಳಿರಲಿಲ್ಲ! ಬಂದು ಹೋದವರೆಲ್ಲ ಹೇಳಿದ್ದರು. ಡಾಕ್ಟರೂ ಕಾರಿಡಾರಿನಲ್ಲಿ ನಿಂತು ಇದನ್ನೇ ಅವಸರದ ಇಂಗ್ಲಿಷಿನಲ್ಲಿ ಹೇಳಿದ್ದರು. ಸಮಾಧಾನ ಹೇಳುವುದು ಬೇರೆ, ತಿಳಿಸಿ ಹೇಳುವುದು ಬೇರೆ ಎಂದು ನನಗೆ ಆಗಲೇ ಗೊತ್ತಾದದ್ದು. ನಿಮ್ಮ ಮಗ ಅತ್ತರು ಮಾವಾರ. ನಿಮ್ಮನ್ನು ಕಳಿಸಿಕೊಟ್ಟ ದಿನವೂ ಅಳದವರು. ಅವಳು ಅಪ್ಪನ ಪಕ್ಕದಲ್ಲಿ, ನಿಮ್ಮ ಜೋಕಾಲಿಯ ಮೇಲೆಯೇ ಕೂತಳು. ಸೊಪ್ಪು ಕೈಯಲ್ಲಿ ಹಿಡಿದುಕೊಂಡು ನಾನು ಒಳಗೇ ನಿಂತೆ. ಹೊರಗೆ ಹೋದರೆ ಏನಾದರೂ ತಿದ್ದಿಬಿಡುತ್ತೇನೆ ಎಂಬ ಭಯ.

ಆಮೇಲೆ ಪ್ರತಿ ಶನಿವಾರ, ಭಾನುವಾರ ಬಾಲ್ಕನಿಯಲ್ಲಿ ಪಾಠ ನಡೆಯಿತು. ವಾರದ ಮಧ್ಯೆ ಸೂರತ್ತಿಗೆ ಫೋನಿನಲ್ಲಿ. ಟ್ಯೂಷನ್ ಬಿಡಿಸಿದೆ. ರಜೆಯ ಬೆಳಿಗ್ಗೆ ಮೇಜಿನ ಮೇಲೆ ಹಳೆಯ ಪತ್ರಿಕೆ ಬಿಡಿಸಿದಳು, ತಪ್ಪಿದ್ದನ್ನಷ್ಟೇ ಮತ್ತೆ ಓದಿದಳು. ಪರೀಕ್ಷೆಯ ಹಿಂದಿನ ದಿನ ಹೊಸ ಪಾಠ ಮುಟ್ಟದೆ ಬೇಗ ಮಲಗಿದಳು. ಹಂಸಾಬೆನ್ ಶುಭವಾಗಲೆಂದು ಮೊಸರು ಸಕ್ಕರೆ ತಿನ್ನಿಸಿ ಕಳಿಸಿದರು. ನಿಮ್ಮ ಮಗ ರಜೆ ಹಾಕಿ ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು.

ಈಗ ರಿಸಲ್ಟ್ ಹೇಳಬಹುದೇ? ಪಾಸಾಗಿದ್ದಾಳೆ. ಊರಿಗೇ ಮೊದಲೇನೂ ಅಲ್ಲ, ಗಣಿತದಲ್ಲಿ ಸಾಧಾರಣ, ವಿಜ್ಞಾನದಲ್ಲಿ ಚೆನ್ನಾಗಿ ಬಂದಿದೆ. ಪೇಡೆ ತಂದು ನಿಮ್ಮ ಫೋಟೋದ ಮುಂದೆ ಇಡಲು ಹೋದಾಗ ಅವಳು ನನ್ನ ಕೈ ಹಿಡಿದಳು. ಅಜ್ಜಗ ನಾಳೆ ಹೇಳ್ತೀನಿ ಅಂದಿದ್ದೆ, ಇನ್ನೂ ಹೇಳಿಲ್ಲ, ನನಗ ಕನ್ನಡ ಬರೆಯೋಕ ಬರಂಗಿಲ್ಲ, ನೀನು ಬರಿ ಅಂದಳು. ಅದಕ್ಕೇ ಈ ಕಾಗದ. ಅವಳು ಹೇಳಿದ ಉತ್ತರವನ್ನು ಮೇಲೆ ಬರೆದಿದ್ದೇನೆ, ಒಂದಕ್ಷರ ತಿದ್ದಿಲ್ಲ.

ಇನ್ನೊಂದು ಸುದ್ದಿ ನನ್ನ ಕಡೆಯಿಂದ. ಲಿಫ್ಟ್ ಸರಿಯಾಗಿ ಎಷ್ಟೋ ತಿಂಗಳಾದರೂ ನಿಮ್ಮ ಮಗ ಅದನ್ನು ಹತ್ತುತ್ತಿರಲಿಲ್ಲ. ಬಂದಾಗಲೆಲ್ಲ ಭಾರದ ಬ್ಯಾಗು ಹೊತ್ತು ಮೆಟ್ಟಿಲು ಹತ್ತಿಯೇ ಬರುತ್ತಿದ್ದರು, ಯಾಕೆ ಎಂದು ನಾನು ಕೇಳುತ್ತಿರಲಿಲ್ಲ. ಕಳೆದ ಶನಿವಾರ ಲಿಫ್ಟಿನಲ್ಲಿ ಬಂದರು.

ನಿಮ್ಮ ಸೊಸೆ,
ಸುಮಂಗಲಾ